ನೆತ್ತಿಯಿಂದ ಒಂದು ಗೇಣು

ಬೈಲಹೊಂಗಲ

ಬೆಳಗಾವಿ ಬಸ್ಸಿಗೆ ಕಾಯುತ್ತಿದ್ದಾಗ ಚಿಗವ್ವ ನನ್ನನ್ನು ಕಂಬದ ಮರೆಗೆ ಕರೆದಳು. ಅವಳ ಗಂಡ, ಅಂದರೆ ನನ್ನ ತಂದೆಯ ತಮ್ಮ ಗುರುಪಾದಪ್ಪ ಕಾಕಾ, ಆಚೆ ನಿಂತು ಯಾರೋ ಪರಿಚಯದವರಿಗೆ ಈಜಿಪ್ತ್ ಯಾವ ಕಡೆ ಬರುತ್ತದೆ ಎಂದು ಕೈಚಾಚಿ ತೋರಿಸುತ್ತಿದ್ದ. ಅವನು ತೋರಿಸಿದ ದಿಕ್ಕಿನಲ್ಲಿ ಹೋದರೆ ಸಿಗುವುದು ಸವದತ್ತಿ.

“ಶಂಕರ, ಏನ ಬೇಕಾದ್ದ ನೋಡಸು, ಏನ ಬೇಕಾದ್ದ ತಿನಸು,” ಎಂದಳು ಚಿಗವ್ವ. “ಅವರ ತಲಿಗಿ ಮಾತ್ರ ಏನೂ ಬಡೀಬಾರದು ನೋಡಪಾ. ಬಾಗಲಾ ಗಿಡ್ಡ ಇದ್ರ ಮೊದಲ ಹೇಳು. ಬಸ್ಸಿನ ಕಿಟಕಿಗೆ ತಲಿ ಹಚ್ಚಿ ಮಲಗಾಕ ಬಿಡಬ್ಯಾಡ.”

ಹೋದ ವರ್ಷ ಕಾಕಾನ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಕೂರಿಸಿದ್ದರು. ಅಂದಿನಿಂದ ರಕ್ತ ತೆಳುವಾಗಿಸುವ ಗುಳಿಗೆ ನಡೆದಿದೆ. ಕೈಕಾಲಿಗೆ ಗಾಯವಾದರೆ ಒತ್ತಿ ಹಿಡಿದರಾಯಿತು, ತಲೆಗೆ ಪೆಟ್ಟು ಬಿದ್ದರೆ ಮಾತ್ರ ಒಳಗೊಳಗೇ ರಕ್ತ ಸೋರಿ ಜೀವಕ್ಕೇ ಬರಬಹುದು ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ಆ ಮಾತಿನಲ್ಲಿ ತನಗೆ ಬೇಕಾದ ಅರ್ಧವನ್ನಷ್ಟೇ ಕಾಕಾ ಇಟ್ಟುಕೊಂಡಿದ್ದ. “ತಲಿ ಒಂದ ಬಿಟ್ಟ ಉಳದದ್ದೆಲ್ಲಾ ಗಟ್ಟಿ ಐತಿ ಅಂದ್ರು,” ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಕಾಕಾನ ಮಗಳು ನೇತ್ರಾ ಸಕ್ಕರೆ ತಯಾರಿಕೆಯ ವಿದ್ಯೆ ಓದಿದವಳು. ಅವಳ ಕಂಪನಿ ಎಲ್ಲೆಲ್ಲಿ ಯಂತ್ರ ಕೂರಿಸುತ್ತದೋ ಅಲ್ಲೆಲ್ಲ ಅವಳು ಹೋಗಿ ಕಬ್ಬಿನ ರಸ ತಿಳಿಯಾಗುತ್ತಿದೆಯೋ ಇಲ್ಲವೋ ನೋಡಬೇಕು. ಈ ಸಲ ಅದು ದಕ್ಷಿಣ ಈಜಿಪ್ತಿನಲ್ಲಿ, ನೈಲ್ ನದಿಯ ದಂಡೆಯ ಒಂದು ಕಾರ್ಖಾನೆ. ಅಪ್ಪ ಬಂದು ನೋಡಲಿ ಎಂದು ಅವಳ ಹಟ. ಚಿಗವ್ವನಿಗೆ ಮೊಣಕಾಲು ನೋವು. ಜೊತೆಗೆ ಯಾರು ಎಂಬ ಪ್ರಶ್ನೆ ಬಂದಾಗ ನಾನು ಆಗಲೇ ಬಟ್ಟೆ ಇಸ್ತ್ರಿಗೆ ಕೊಟ್ಟಿದ್ದೆ. ಒಂದು ಊರು, ಒಂದು ನೌಕರಿ ನನ್ನನ್ನು ಬಹಳ ದಿನ ಹಿಡಿದಿಟ್ಟದ್ದಿಲ್ಲ. ಧಾರವಾಡದಲ್ಲಿ ಇತಿಹಾಸ ಓದಿದೆ, ಕೆಲಕಾಲ ಅದನ್ನೇ ಪಾಠ ಮಾಡಿದೆ, ಬಿಟ್ಟೆ. ಉಳಿದದ್ದು ಒಂದು ಅಭ್ಯಾಸ: ಯಾವ ಸಾಕ್ಷಿಯನ್ನೂ ಪೂರ್ತಿ ನಂಬದಿರುವುದು. ಅದರಲ್ಲೂ ನನ್ನ ನೆನಪನ್ನು ನಾನು ಕಟಕಟೆಯಿಂದ ಕೆಳಗಿಳಿಸಿಯೇ ಇಲ್ಲ.

ಚಿಗವ್ವನಿಗೆ ಮಾತು ಕೊಟ್ಟೆ. ಬಸ್ಸಿನಲ್ಲಿ ಕಾಕಾನನ್ನು ಕಿಟಕಿಯಿಂದ ದೂರ ಕೂರಿಸಿದೆ. ಪ್ರವಾಸದ ಮೊದಲ ಜಗಳ ಅಲ್ಲೇ ಆಯಿತು.

ಮುಂಬೈ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಾಕಾನ ಎಲೆಯಡಿಕೆ ಚೀಲದೊಳಗಿಂದ ಅಡಕೊತ್ತು ಹೊರಬಿತ್ತು. ಅಧಿಕಾರಿ ಅದನ್ನು ಎರಡು ಬೆರಳಲ್ಲಿ ಎತ್ತಿ, ತೆರೆದು, ಮುಚ್ಚಿ, ಕತ್ತರಿ ಚಾಕುಗಳಿದ್ದ ತಟ್ಟೆಗೆ ಹಾಕಿದ. ಕಾಕಾ ಮರಾಠಿಯಲ್ಲಿ ವಾದಿಸಿದ. ಅಧಿಕಾರಿ ಮರಾಠಿಯಲ್ಲೇ ವಿನಯದಿಂದ ನಿರಾಕರಿಸಿದ.

“ಅಂದ್ರ ಇಷ್ಟ ವರ್ಷ ನಾ ಹತ್ಯಾರ ಕಿಸೆದಾಗ ಇಟಗೊಂಡ ತಿರಗೇನೇನೋ?” ಎಂದು ಕೇಳಿದ ಕಾಕಾ, ಬೂಟು ಹಾಕಿಕೊಳ್ಳುತ್ತ. ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ಒಂದು ನಮೂನೆಯ ಗೌರವ ಸಿಕ್ಕಂತಾಗಿತ್ತು.

ಆಟ ಶುರುವಾದದ್ದು ಅಲ್ಲಿಂದ. ವಿಮಾನ ಏರಿ ಕುಳಿತ ಮೇಲೆ ಕಾಕಾ ಮೊಣಕೈಯಿಂದ ತಿವಿದ.

“ಈಗ ಇಲ್ಲೆ ಜಗಳಾ ಬಿತ್ತಂದ್ರ ನೀ ಏನ ಹಿಡೀತಿ?”

“ಸೀಟಿನ ಪಟ್ಟಿ.”

“ಅದನ್ನ ನೀ ಕಟಗೊಂಡ ಕುಂತಿರ್ತಿ. ಬಿಚ್ಚೂದ್ರಾಗ ಜಗಳಾ ಮುಗದಿರ್ತದ.”

ಅವನೇ ನಿಯಮ ಮಾಡಿದ. ಬಂದೂಕು ಇಲ್ಲ, ಮದ್ದು ಇಲ್ಲ. ಹಿರಿಯರು ಕೈಯಲ್ಲಿ ಹಿಡಿದದ್ದೇ ಆಗಬೇಕು, ಎದುರಿನವನ ಮುಖ ಕಾಣಬೇಕು. ನಾನು ಭರ್ಚಿ ಆರಿಸಿದೆ. ಉದ್ದ ಯಾರದೋ ಗೆಲುವು ಅವರದು, ಇದು ಲೆಕ್ಕದ ಮಾತು ಎಂದೆ. ಜಗಳ ಮನೆಯೊಳಗೆ ಬಿದ್ದರೆ ತೊಲೆಗೆ ಬಡಿಯುತ್ತದೆ ಎಂದ ಕಾಕಾ. ಜಗಳವನ್ನು ಅಂಗಳಕ್ಕೆ ಒಯ್ಯುತ್ತೇನೆ ಎಂದೆ. “ಎದರಿನಾಂವ ನಿನ್ನ ಮಾತ ಕೇಳೂದಿದ್ರ ಜಗಳಾ ಯಾಕ ಬೀಳ್ತಿತ್ತು?” ಎಂದು ಕಣ್ಣು ಮುಚ್ಚಿದ. ಅವನ ತಲೆ ಮೆಲ್ಲಗೆ ಕಿಟಕಿಯ ಕಡೆ ವಾಲಿತು. ನಾನು ನಡುವೆ ದಿಂಬು ತೂರಿಸಿದೆ.

ಕೈರೋ

ಕೈರೋದಲ್ಲಿ ದಾರಿ ಕೇಳಿದರೆ ಯಾರೂ ಗೊತ್ತಿಲ್ಲ ಎನ್ನುವುದಿಲ್ಲ. ಬರಿಗೈಯಲ್ಲಿ ಕಳಿಸುವುದು ಅವರಿಗೆ ಮರ್ಯಾದೆಗೇಡು. ನಾವು ವಸ್ತುಸಂಗ್ರಹಾಲಯಕ್ಕೆ ಹೊರಟು ಒಂದು ಮೀನಿನ ಮಾರುಕಟ್ಟೆ, ಒಂದು ಹಲ್ಲಿನ ಆಸ್ಪತ್ರೆ ನೋಡಿಕೊಂಡು ಬಂದೆವು. ರಸ್ತೆ ದಾಟಲಾಗದೆ ನಿಂತಿದ್ದಾಗ ಅಪರಿಚಿತನೊಬ್ಬ ಕಾಕಾನ ಕೈ ಹಿಡಿದು, ಬರುವ ಕಾರುಗಳ ಕಡೆ ನೋಡದೆಯೇ ಆಚೆ ದಾಟಿಸಿ, ಎದೆ ಮುಟ್ಟಿಕೊಂಡು ಮಾಯವಾದ. ನಾನು ಈಚೆಯೇ ಉಳಿದಿದ್ದೆ. ಇನ್ನೊಬ್ಬ ಅಪರಿಚಿತ ಬರುವವರೆಗೆ ಇಬ್ಬರೂ ರಸ್ತೆಯ ಎರಡು ಬದಿಯಲ್ಲಿ ನಿಂತು ಒಬ್ಬರನ್ನೊಬ್ಬರು ನೋಡಿದೆವು.

ಸಂಗ್ರಹಾಲಯದಲ್ಲಿ ಜನ ಬಂಗಾರದ ಕಡೆ ನೂಕಾಡುತ್ತಿದ್ದರು. ಕಾಕಾ ಆಯುಧಗಳ ಗಾಜಿನ ಮುಂದೆ ಕುರ್ಚಿ ಹಾಕಿದಂತೆ ನಿಂತ. ಕಲ್ಲಿನ ಗುಂಡಿನ ಗದೆ, ತಾಮ್ರದ ಕೊಡಲಿ, ಬಾಗಿದ ಕಂಚಿನ ಖಡ್ಗ.

“ಇದು ನಮ್ಮ ಕುಡಗೋಲ ಅಲ್ಲೇನು. ಜ್ವಾಳಾ ಕೊಯ್ಯೂದಕ್ಕ ಬಂದಾಂವ ಹಂಗ ದಂಡಿಗೆ ಹೋಗ್ಯಾನ.”

ಕಿತ್ತೂರಿನ ಸಂಗ್ರಹಾಲಯದ ಖಡ್ಗ ಇದಕ್ಕಿಂತ ಉದ್ದ ಎಂದೆ ನಾನು. ಸಾಲೆಯ ಪ್ರವಾಸದಲ್ಲಿ ನೋಡಿದ್ದೆ. ಗಾಜಿನಾಚೆ ನಿಲ್ಲಿಸಿದ್ದರು, ನನಗಿಂತ ಎತ್ತರವಿತ್ತು.

“ನೀ ಆಗ ನಾಕನೇತ್ತೆ,” ಎಂದ ಕಾಕಾ. “ಆಗ ಎಲ್ಲಾನೂ ನಿನಗಿಂತ ಎತ್ತರ ಇತ್ತು.”

ನಿಲ್ಲಿಸಿದ್ದರೋ ಮಲಗಿಸಿದ್ದರೋ ಎಂದು ನಾನು ಆ ಇಡೀ ಮಧ್ಯಾಹ್ನ ಯೋಚಿಸಿದೆ. ಖಡ್ಗ ಕಣ್ಣ ಮುಂದಿತ್ತು, ಹಿಡಿಯ ಮೇಲಿನ ಧೂಳೂ ಇತ್ತು. ಆದರೆ ಅದನ್ನು ನೋಡುತ್ತಿದ್ದವನು ಹುಡುಗನಲ್ಲ, ಈಗಿನ ನಾನೇ ಕನ್ನಡಕ ಹಾಕಿಕೊಂಡು ನಿಂತಿದ್ದೆ. ಅಂಥ ನೆನಪಿಗೆ ಎಷ್ಟು ಬೆಲೆ ಕೊಡಬೇಕು?

ಕಬ್ಬಿನ ಸೀಮೆ

ರೈಲು ನದಿಯ ಗುಂಟ ದಕ್ಷಿಣಕ್ಕೆ ಇಳಿದಂತೆ ಕಾಕಾನ ಮುಖ ಅರಳಿತು. ಹೊಲದ ತುಂಬ ಕಬ್ಬು, ಕಬ್ಬಿನ ನಡುವೆ ಕಾಲುವೆ, ಕಾಲುವೆಯ ದಂಡೆಯ ಮೇಲೆ ಕತ್ತೆ. ಎಂ.ಕೆ. ಹುಬ್ಬಳ್ಳಿಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕು ಬಯ್ದುಕೊಂಡವನು ಇಲ್ಲಿ ಅದೇ ದೃಶ್ಯಕ್ಕೆ ಕೈ ಮುಗಿಯುವುದೊಂದು ಬಾಕಿ. ವ್ಯತ್ಯಾಸವೆಂದರೆ ಇಲ್ಲಿ ಕಬ್ಬಿಗೆಂದೇ ಗೇಣಗಲದ ಹಳಿಯ ಮೇಲೆ ಆಟಿಕೆಯಂಥ ರೈಲು ಓಡುತ್ತದೆ, ಉಳಿದದ್ದನ್ನು ಒಂಟೆ ಹೊರುತ್ತದೆ. ನಮ್ಮಲ್ಲಿ ಹುಡುಗರು ಟ್ರ್ಯಾಲಿಯಿಂದ ಕಬ್ಬು ಎಳೆಯುವಂತೆ ಇಲ್ಲಿ ಮುದುಕರೂ ಎಳೆಯುತ್ತಾರೆ. ಕಾಕಾ ಇಳಿದ ಮೊದಲ ದಿನವೇ ಎಳೆದ.

ನೇತ್ರಾಳ ಬಾಡಿಗೆ ಮನೆಯ ಬಾಗಿಲುಗಳು ನಮ್ಮ ಹಳೆಯ ಮನೆಗಳ ಹಾಗೆ ಗಿಡ್ಡ. ಕಾಕಾ ಒಳಗೆ ಹೋಗುವಾಗ ಹೊರಗೆ ಬರುವಾಗ ನಾನು ಚೌಕಟ್ಟಿಗೂ ಅವನ ತಲೆಗೂ ನಡುವೆ ಅಂಗೈ ಹಿಡಿಯುತ್ತಿದ್ದೆ.

“ನಾ ಏನ ಮದುಮಗಾನೇನೋ, ಛತ್ರಾ ಹಿಡದಂಗ ಹಿಡೀತಿ?”

“ಅಣ್ಣಾ, ನೀ ಹಿಡಿ. ಅಂವಗ ಕಿವಿಗೊಡಬ್ಯಾಡ,” ಎಂದಳು ನೇತ್ರಾ ಒಳಗಿನಿಂದ.

ಅಲ್ಲಿನ ರೊಟ್ಟಿಯ ಹಿಟ್ಟನ್ನು ಬಿಸಿಲಲ್ಲಿಟ್ಟು ಉಬ್ಬಿಸುತ್ತಾರೆ. ಅದರ ಜೊತೆ ಕಪ್ಪಗಿನ ಕಬ್ಬಿನ ಪಾಕ. ಕಾಕಾ ಬೆರಳು ಅದ್ದಿ ನೆಕ್ಕಿ, ಇದು ನಮ್ಮ ಕಾಕಂಬಿಯೇ, ಸ್ವಲ್ಪ ಹೆಚ್ಚು ಕಾಸಿದ್ದಾರೆ ಎಂದು ತೀರ್ಪು ಕೊಟ್ಟ. ಮಾಂಸ ಮುಟ್ಟದ ಅತಿಥಿ ಎಂದು ತಿಳಿದು ಅಕ್ಕಪಕ್ಕದವರು ಪಾತ್ರೆಪಾತ್ರೆ ಕಾಕಂಬಿ ಕಳಿಸತೊಡಗಿದರು. ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು.

ಓಣಿಯಲ್ಲಿ ಕಾಕಾ ಹೊರಟರೆ ಜನ ಅವನ ಹಣೆ ನೋಡುತ್ತಿದ್ದರು. ಕಾಕಾ ಅವರ ಹಣೆ ನೋಡುತ್ತಿದ್ದ. ಇವನಿಗೆ ವಿಭೂತಿ. ಅಲ್ಲಿನ ಹಿರಿಯರಿಗೆ ಜೀವಮಾನವಿಡೀ ನಮಾಜಿನಲ್ಲಿ ನೆಲಕ್ಕೆ ಹಣೆ ಹಚ್ಚಿ ಮೂಡಿದ ಕಪ್ಪು ಗುರುತು. “ಇವರದು ಬೆವರಿಗೆ ಹೋಗೂದಿಲ್ಲ, ಚಲೋ,” ಎಂದ ಕಾಕಾ.

ದಿವಾನ

ನೇತ್ರಾಳ ಜೊತೆ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಮಹಮೂದ್ ನಮ್ಮನ್ನು ತನ್ನ ತಮ್ಮನ ಮದುವೆಗೆ ಕರೆದ. ಮದುವೆಯ ಮುನ್ನಾದಿನ ಅವರ ದಿವಾನದಲ್ಲಿ, ಅಂದರೆ ಊರ ಗಂಡಸರು ಬಂದು ಕೂರುವ ಉದ್ದ ಪಡಸಾಲೆಯಲ್ಲಿ, ಚಹಾ. ಅದು ಚಹಾ ಅಲ್ಲ, ಚಹಾದ ಬಣ್ಣದ ಸಕ್ಕರೆ. ಗೋಡೆಗೆ ಬಡಿಗೆಗಳು ಒರಗಿದ್ದವು. ಅಲ್ಲಿ ಪ್ರತಿ ಗಂಡಸಿಗೂ ಒಂದು ಬಡಿಗೆ. ಮದುವೆಯಲ್ಲಿ ಅದರ ಆಟವಿರುತ್ತದೆ ಎಂದು ಮಹಮೂದ್ ಹೇಳಿದ.

ಕಾಕಾ ತನ್ನ ಪ್ರಶ್ನೆ ಹೊರತೆಗೆದ. ನೇತ್ರಾ ಅರಬ್ಬಿಗೆ ತಿರುಗಿಸಿದಳು. ಇಡೀ ದಿವಾನ ಮುಂದಕ್ಕೆ ಬಾಗಿತು. ಹೊಲ, ಕಬ್ಬು, ಹವೆ ಎಂದು ತಡವರಿಸುತ್ತಿದ್ದ ಮಾತು ಈಗ ಹರಿಯಿತು. ಒಬ್ಬ ಕಬ್ಬು ಕಡಿಯುವ ಕತ್ತಿ ಎಂದ. ಒಬ್ಬ ತನ್ನ ಅಜ್ಜನ ಬಾಕು ಎಂದ. ನಾನು ಭರ್ಚಿಯ ಲೆಕ್ಕ ಮಂಡಿಸಿದೆ. ನೇತ್ರಾಳನ್ನು ಕೇಳಿದರು.

“ಈಳಿಗಿ,” ಎಂದಳು. ಕಾಲಿನಿಂದ ಮಣೆ ಒತ್ತಿ ಹಿಡಿದು ತರಕಾರಿ ಹೆಚ್ಚುವ ಬಗೆಯನ್ನು ಅಭಿನಯಿಸಿ ತೋರಿಸಿದಳು. “ನಾ ಕುಂತಿರ್ತೇನಿ. ಜಗಳಾ ಬೇಕಾದಾಂವ ತಾನ ಬಂದ ಅದರ ಮ್ಯಾಲ ಬೀಳಬೇಕು.”

ಕಾಕಾ ಕೊನೆಗೆ ಬಾರಕೋಲು ಎಂದ. ಎತ್ತಿನ ಚಾವಟಿ. ಯಾರಿಗೂ ಮುಟ್ಟಿಸಬೇಕಾಗಿಲ್ಲ, ಗಾಳಿಯಲ್ಲಿ ಒಮ್ಮೆ ಬೀಸಿದರೆ ಆ ಸಪ್ಪಳಕ್ಕೇ ಅರ್ಧ ಮಂದಿ ಮನೆಗೆ ಹೋಗುತ್ತಾರೆ ಎಂದು ವಿವರಿಸಿದ. ಆಮೇಲೆ ನಮ್ಮ ಖಂಡೇಪೂಜೆಯ ವಿಷಯ ಬಂತು. ಮಹಾನವಮಿಯಲ್ಲಿ ಕೊಡಲಿ ಕುಡಗೋಲುಗಳಿಂದ ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ತೊಳೆದು ಪೂಜೆಗೆ ಇಡುತ್ತೇವೆ, ಪೂಜೆಯಿಂದ ಎತ್ತುವವರೆಗೆ ಮುಟ್ಟುವುದಿಲ್ಲ ಎಂದ.

ಮೂಲೆಯಲ್ಲಿ ಅದುವರೆಗೆ ಸುಮ್ಮನಿದ್ದ ಹಿರಿಯರೊಬ್ಬರು ಏನೋ ಕೇಳಿದರು. ಮಹಮೂದನ ದೊಡ್ಡಪ್ಪ, ಹಜ್ ಯಾತ್ರೆ ಮಾಡಿ ಬಂದದ್ದರಿಂದ ಹಜ್ ಸಯ್ಯದ್ ಎನಿಸಿಕೊಂಡವರು. ಬಡಿಗೆಯ ಆಟದಲ್ಲಿ ಆ ಸೀಮೆಗೇ ಹೆಸರಾದವರಂತೆ.

“ಅಪ್ಪಾ, ಪೂಜಾ ದಿನಾನ ಜಗಳಾ ಬಂದ್ರ ಏನ ಮಾಡ್ತೀರಿ ಅಂತ ಕೇಳಾಕತ್ತಾರ,” ಎಂದಳು ನೇತ್ರಾ.

“ನಾಳೆ ಬಾ ಅಂತೇವಿ.”

ಹಜ್ ಸಯ್ಯದ್ ನಕ್ಕು ತೊಡೆ ತಟ್ಟಿಕೊಂಡರು. ಆ ನಗುವಿನ ಗುಂಗಿನಲ್ಲಿ ನಾನು ಮಾಡಬಾರದ್ದನ್ನು ಮಾಡಿದೆ. ರಾಮದುರ್ಗದ ಕತೆ ಹೇಳಿದೆ.

ಆ ಕತೆ ನನ್ನದೇ ನೆನಪು. ರಾಮದುರ್ಗದ ಪೇಟೆಯಲ್ಲಿ ಒಂದು ಅಂಗಡಿಯ ಕಟ್ಟೆಯ ಮೇಲೆ ನಾನು ಕೂತಿದ್ದೇನೆ, ಚಿಕ್ಕವನು. ಬಿಳಿ ಧೋತರದ ಕಾಕಾ ರಸ್ತೆಯ ನಡುವೆ ಬಡಿಗೆ ತಿರುಗಿಸುತ್ತ ನಿಂತಿದ್ದಾನೆ, ಜನ ಎರಡೂ ಕಡೆ ಚೆದುರಿ ಓಡುತ್ತಿದ್ದಾರೆ. ಇದನ್ನು ನಾನು ಎಷ್ಟೋ ಪಂಕ್ತಿಗಳಲ್ಲಿ ಹೇಳಿದ್ದೇನೆ. ಎದುರಾಳಿಗಳು ಎಷ್ಟು ಮಂದಿ ಎಂದು ಹಜ್ ಕೇಳಿದರು. ಪ್ರತಿ ಸಲ ಕೇಳಿದಾಗಲೂ ನಾನು ಬೇರೆ ಸಂಖ್ಯೆ ಹೇಳಿದವನು. ಅಂದೂ ಒಂದನ್ನು ಹೇಳಿದೆ, ಸಣ್ಣದಲ್ಲ. ದಿವಾನದ ಗಂಡಸರು ಕಾಕಾನ ಕಡೆ ಹೊಸ ಕಣ್ಣಿನಿಂದ ನೋಡಿದರು. ಕಾಕಾ ಚಹಾದ ಲೋಟದೊಳಗೆ ನೋಡುತ್ತಿದ್ದ.

ಮದುವೆಯ ಅಂಗಳ

ಮರುದಿನ ಇಳಿಹೊತ್ತಿನ ನಮಾಜು ಮುಗಿದ ಮೇಲೆ ಆಟ. ಹೆಂಗಸರೆಲ್ಲ ಮಾಳಿಗೆಯ ಮೇಲೆ, ನೇತ್ರಾ ಅವರ ಜೊತೆ. ಮಹಮೂದ್ ಅಡುಗೆಯ ಕಡೆ ಓಡಾಡುತ್ತಿದ್ದ. ಹೀಗೆ ನಮ್ಮ ಮಾತು ತಿಳಿಯುವವರಿಬ್ಬರೂ ಕೈಗೆ ಸಿಗದ ಜಾಗದಲ್ಲಿದ್ದರು. ಇದು ನನಗೆ ಆಗ ದೊಡ್ಡ ವಿಷಯವೆನಿಸಲಿಲ್ಲ.

ಮಣ್ಣಿನ ಅಂಗಳದ ಸುತ್ತ ಬೆಂಚುಗಳು. ನಮ್ಮ ಸನಾದಿಯಂಥ ವಾದ್ಯ, ಹೆಗಲಿಗೆ ತೂಗಿದ ದೊಡ್ಡ ಡೊಳ್ಳು. ಇಬ್ಬರು ಆಡಿ ಮುಗಿಸಿ ಹೋಗಿದ್ದರು, ನಾವು ತಡವಾಗಿ ಬಂದದ್ದರಿಂದ ಅವರ ಆಟ ನೋಡಲಿಲ್ಲ. ಅತಿಥಿಗಳ ಬೆಂಚು ಎದುರು ಬದಿಯಲ್ಲಿತ್ತು. ಅಲ್ಲಿಗೆ ಹೋಗಲು ಅಂಗಳದ ನಡುವೆ ಹಾಯಬೇಕು.

ಕಾಕಾ ಚಪ್ಪಲಿ ಬಿಟ್ಟ. ತಲೆಯ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಬಾಗಿ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡ, ಹಣೆಗೆ ಹಚ್ಚಿಕೊಂಡ. ಬೈಲಹೊಂಗಲದ ಗರಡಿಯಲ್ಲಿ ಕುಸ್ತಿ ಮಾಡಿ ಬೆಳೆದವನು ಆಡುವ ಮಣ್ಣನ್ನು ಹೀಗೆ ಮುಟ್ಟದೆ ದಾಟುವುದಿಲ್ಲ. ನಾನೂ ಅವನ ಹಿಂದೆ ಬಾಗಲು ಹೊರಟಿದ್ದೆ. ಅಷ್ಟರಲ್ಲಿ ವಾದ್ಯದ ಧಾಟಿ ಬದಲಾಯಿತು. ಬೆಂಚಿನವರೆಲ್ಲ ಎದ್ದು ನಿಂತರು.

ಆ ಊರಲ್ಲಿ ಅಂಗಳದ ಮಣ್ಣು ಮುಟ್ಟಿದವನು ಆಟ ಕೇಳಿದವನು. ಇದು ನಮಗೆ ಗೊತ್ತಾದದ್ದು ಹಜ್ ಸಯ್ಯದ್ ತಮ್ಮ ನಿಲುವಂಗಿಯ ತೋಳು ಮಡಚುತ್ತ ಮುಂದೆ ಬಂದಾಗ. ಅತಿಥಿಯ ತಲೆ ಬರಿದಾಗಿದೆ ಎಂದು ನೋಡಿ, ಅವರು ತಮ್ಮ ದಪ್ಪ ರುಮಾಲನ್ನೂ ಬಿಚ್ಚಿ, ನನ್ನ ಪಕ್ಕ ನಿಂತಿದ್ದವನ ಕೈಗೆ ಕೊಟ್ಟರು.

ನಾನು ಮುಂದೆ ಹೋಗಿ ಹಜ್ ಅವರಿಗೆ ಸನ್ನೆ ಮಾಡಿದೆ. ಕಾಕಾನ ತಲೆ ತೋರಿಸಿದೆ, ಎರಡೂ ಕೈ ಅಡ್ಡಾಡಿಸಿದೆ, ಮತ್ತೆ ತಲೆ ತೋರಿಸಿದೆ. ಅವರು ಮೆಚ್ಚುಗೆಯಿಂದ ತಲೆಯಾಡಿಸಿ ಸುತ್ತಲಿನವರಿಗೆ ಏನೋ ಹೇಳಿದರು. ಎಲ್ಲರೂ ಕಾಕಾನ ತಲೆ ನೋಡಿ ಸಿದ್ಧರಾದರು. ಮಾಳಿಗೆಯಿಂದ ನೇತ್ರಾ ಕೂಗುವುದು ಕೇಳಿಸಿತು: “ಅಪ್ಪಾ, ಬ್ಯಾಡ. ಅಣ್ಣಾ, ಹಿಡಕೋ ಅವನ್ನ.” ಮಗಳು ತಂದೆಯನ್ನು ಹುರಿದುಂಬಿಸುತ್ತಿದ್ದಾಳೆ ಎಂದುಕೊಂಡು ಸುತ್ತಲಿನ ಹೆಂಗಸರು ನಾಲಗೆ ಹೊರಳಿಸಿ ಉಲಿಯತೊಡಗಿದರು. ಆಮೇಲೆ ಅವಳ ದನಿ ಕೇಳಿಸಲಿಲ್ಲ.

ಬಡಿಗೆಗಳ ಕಟ್ಟು ತಂದು ಕಾಕಾನ ಮುಂದೆ ಹಿಡಿದರು. ಆರಿಸಿಕೋ ಎಂದು.

“ಒಲ್ಲೆ ಅನ್ನು ಕಾಕಾ. ಕೈ ಮುಗಿದು ಕುಂದ್ರು.”

“ಹಿರೇ ಮನಷ್ಯಾ ರುಮಾಲ ಬಿಚ್ಚಿ ನಿಂತಾನ. ಒಲ್ಲೆ ಅಂದ್ರ ಹೆಂಗ್ ಕಾಣತೈತಿ?”

“ಗುಳಿಗಿ ತಗೊಂತಿ ನೀ.”

“ಮದವಿ ಮನ್ಯಾಗ ಗುಳಿಗಿ ಸುದ್ದಿ ತಗೀಬ್ಯಾಡ.”

ಹಾಗಾದರೆ ಉಳಿದದ್ದು ನನ್ನ ಸಿದ್ಧಾಂತ. “ಉದ್ದಂದ ತಗೋ. ದೂರ ನಿಂದ್ರು. ರಾಮದುರ್ಗದಾಗ ಮಾಡಿದಂಗ ತಿರಗಸ್ಕೋತ ನಿಂದ್ರು, ಹತ್ತರ ಬರಾಕ ಬಿಡಬ್ಯಾಡ.”

ಕಾಕಾ ಕಟ್ಟಿನೊಳಗೆ ಕೈ ಹಾಕಿದವನು ಅಲ್ಲೇ ನಿಲ್ಲಿಸಿದ. “ರಾಮದುರ್ಗದಾಗ ನನ್ನ ಕೈಯಾಗ ಬಡಿಗಿ ಎಲ್ಲಿತ್ತೋ? ಛತ್ರಿ ಇತ್ತು.”

“ಏನು?”

“ಹೋರಿ ಒಂದ ಹಗ್ಗಾ ಹರಕೊಂಡ ಪ್ಯಾಟಿಗೆ ಬಂದಿತ್ತು. ಛತ್ರಿ ಬಿಚ್ಚಿ ಮುಂದ ಹಿಡದೆ. ಅದು ತಿರಗಿ ಓಡಿತು. ಮಂದಿ 'ಬಂತ ಬಂತ' ಅಂತ ತಾವೂ ಓಡಿದ್ರು. ನೀ ಕಟ್ಟಿ ಮ್ಯಾಲ ಕುಂತ ಅಳಾಕತ್ತಿದ್ದಿ.”

“ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ?”

“ನೀ ಓದಿದಾಂವ, ಛಂದ ಹೇಳ್ತಿದ್ದಿ. ನಡುವ ಬಾಯಿ ಹಾಕೂದ ಬ್ಯಾಡ ಅಂತ ಬಿಟ್ಟೆ.”

ಎಂದವನೇ ಕಟ್ಟಿನಲ್ಲಿದ್ದ ಎಲ್ಲಕ್ಕಿಂತ ಗಿಡ್ಡ ಬಡಿಗೆಯನ್ನು ಎಳೆದುಕೊಂಡ. ಯಾಕೆ ಎಂದು ಆಮೇಲೆ ಕೇಳಿದೆ. ಕೈಗೆ ಅದೇ ಹತ್ತಿರವಿತ್ತಂತೆ.

ಹಜ್ ಸಯ್ಯದ್ ಮೆಲ್ಲಗೆ ಸುತ್ತು ಹಾಕಿದರು. ಬಡಿಗೆ ಅವರ ತಲೆಯ ಮೇಲೆ ತಿರುಗುತ್ತಿತ್ತು, ಡೊಳ್ಳಿನ ಪೆಟ್ಟಿಗೆ ಸರಿಯಾಗಿ. ಕಾಕಾ ತನ್ನದನ್ನು ಗುದ್ದಲಿ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಅಂಚಿಗೆ ಸರಿದು ನಿಂತ ನನ್ನ ಮೊಣಕೈಯನ್ನು, ರುಮಾಲು ಇಸಿದುಕೊಂಡಿದ್ದ ಪಕ್ಕದವನು ಹಿಡಿದುಕೊಂಡ. ನಾನು ಬಿಡಿಸಿಕೊಳ್ಳಲಿಲ್ಲ. ಹಜ್ ಒಂದು ಹೆಜ್ಜೆ ಒಳಗೆ ಬಂದರು, ಬಡಿಗೆ ಕಾಕಾನ ನೆತ್ತಿಯ ಮೇಲೆ ಇಳಿಯಿತು.

ಇಳಿದು, ಒಂದು ಗೇಣು ಮೇಲೆ ನಿಂತಿತು. ಅಲ್ಲೇ ಒಂದು ಕ್ಷಣ ಇತ್ತು. ಹಿಂದೆ ಸರಿಯಿತು. ಜನ ಹೋ ಎಂದರು. ಅವರು ಮತ್ತೆ ಸುತ್ತಿದರು, ಮತ್ತೆ ಬಂದರು, ಮತ್ತೆ ಅಷ್ಟೇ ಎತ್ತರದಲ್ಲಿ ನಿಂತಿತು. ಆಗ ನನಗೆ ಅರ್ಥವಾಯಿತು. ಈ ಆಟದಲ್ಲಿ ಗುರಿ ತಲೆಯೇ, ಅದಕ್ಕಾಗಿಯೇ ತಲೆಗೆ ಹೊಡೆಯುವಂತಿಲ್ಲ. ನಿನ್ನ ನೆತ್ತಿಗೆ ಕಾವಲಿಲ್ಲ ಎಂದು ತೋರಿಸಿ ಕೈ ಹಿಂತೆಗೆಯುವುದೇ ಗೆಲುವು. ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ಹೇಳಬೇಕಾದ ಸಂಗತಿ ಎಂದು ಅವರಿಗೆ ಅನಿಸಿಯೂ ಇರಲಾರದು.

ಚಿಗವ್ವನ ಮುಖ ಕಣ್ಣ ಮುಂದೆ ಬಂದು ಹೋಯಿತು. ಆ ನೆಮ್ಮದಿ ಒಂದು ಉಸಿರಿನಷ್ಟೂ ಬಾಳಲಿಲ್ಲ, ಯಾಕೆಂದರೆ ಈ ನಿಯಮ ಗೊತ್ತಿಲ್ಲದವನೊಬ್ಬ ಅಂಗಳದಲ್ಲಿ ಇನ್ನೂ ಇದ್ದ. ಎರಡು ಸಲ ತನ್ನ ತಲೆಯ ಮೇಲೆ ಬಡಿಗೆ ಬಂದು ಹೋದದ್ದಕ್ಕೆ ಕಾಕಾನ ಒಳಗಿನ ಕುಸ್ತಿಯಾಳು ಎದ್ದಿದ್ದ. ಕಟ್ಟಿಗೆ ಸೀಳುವವನ ಹಾಗೆ ಬಡಿಗೆಯನ್ನು ಹಿಂದಕ್ಕೆ ಎತ್ತಿದ. ಎದುರಿಗೆ ಹಜ್ ಅವರ ಬರಿದಲೆ, ತೆಳ್ಳನೆಯ ಬಿಳಿ ಕೂದಲು, ಹಣೆಯ ಕಪ್ಪು ಗುರುತು. ಅವರು ತಡೆಯಲಿಲ್ಲ. ಇವನೂ ಆಟ ಬಲ್ಲವನೆಂದೇ ನಂಬಿದ್ದರು. ನಾನು ಹೇಳಿದ ಕತೆಯನ್ನು ಅವರು ಕೇಳಿದ್ದರಲ್ಲ.

ಪಕ್ಕದವನ ಉಗುರು ನನ್ನ ಮೊಣಕೈಗೆ ಇಳಿಯಿತು.

ಬಡಿಗೆ ಬಂತು. ನೆತ್ತಿಯಿಂದ ಒಂದು ಗೇಣು ಮೇಲೆ ನಿಂತಿತು.

ಡೊಳ್ಳೂ ನಿಂತಿತು. ಆಮೇಲೆ ಇಡೀ ಅಂಗಳ ಗದ್ದಲವಾಯಿತು. ಹಜ್ ಸಯ್ಯದ್ ತಮ್ಮ ಬಡಿಗೆ ಕೆಳಗೆ ಬಿಟ್ಟು ಕಾಕಾನನ್ನು ಅಪ್ಪಿಕೊಂಡರು. ಅಷ್ಟು ಜೋರಾಗಿ ಬಂದ ಪೆಟ್ಟನ್ನು ಅಷ್ಟು ಸರಿಯಾಗಿ ನಿಲ್ಲಿಸಿದ ಕೈಯನ್ನು ತಾವು ನೋಡಿಲ್ಲ ಎಂದರಂತೆ. ಅವರ ಹೆಗಲಿನಾಚೆಯಿಂದ ಕಾಕಾನ ಮುಖ ನನ್ನ ಕಡೆ ಇತ್ತು. ಕೈಗಳೆರಡೂ ಇನ್ನೂ ಮೇಲೆಯೇ ಇದ್ದವು.

“ಶಂಕರ,” ಎಂದ, ನಗು ಕೆಡದಂತೆ. “ಭುಜಾ ಹಿಡದೈತೋ. ಕೈ ಕೆಳಗ ಇಳೀವಲ್ದು. ಬಡಿಗಿ ಇಸಕೋ.”

ನಾನು ಹೋಗಿ ಬಡಿಗೆ ಬಿಡಿಸಿಕೊಂಡೆ. ಹಿರಿಯನ ಆಯುಧವನ್ನು ಕಿರಿಯ ಬಂದು ಗೌರವದಿಂದ ಪಡೆಯುವ ಪದ್ಧತಿ ಇರಬೇಕೆಂದು ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಸುದ್ದಿ ಕೇಳಿ ಓಡಿ ಬಂದ ಮಹಮೂದನಿಗೆ ನಾನು ಇಂಗ್ಲಿಷಿನಲ್ಲಿ ಗುಳಿಗೆಯ ವಿಷಯ ಹೇಳಿದೆ. ಅವನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಮೊಣಕೈ ಹಿಡಿದಿದ್ದವನು ಈಗ ರುಮಾಲನ್ನು ಎದೆಗೆ ಒತ್ತಿಕೊಂಡು ನನ್ನ ಮುಂದೆ ನಿಂತಿದ್ದ. ಹೆಚ್ಚುಕಡಿಮೆ ನನ್ನದೇ ವಯಸ್ಸು. ಹಜ್ ಕಡೆ ಬೆರಳು ಮಾಡಿ, “ಅಬೂಯಾ,” ಎಂದ. ನನ್ನ ಅಪ್ಪ. ಆಮೇಲೆ ಗಂಟಲಿನ ಕೆಳಗಿನಿಂದ ಹೊಟ್ಟೆಯವರೆಗೆ ಬೆರಳಿನಿಂದ ಒಂದು ಗೆರೆ ಎಳೆದು ತೋರಿಸಿದ. ಹೃದಯದ ಆಪರೇಷನ್ನಿಗೆ ಎದೆ ಸೀಳಿ ಹೊಲಿದ ಗೆರೆ. ನಾನು ಕಾಕಾನ ಕಡೆ ತೋರಿಸಿ, ಸ್ಟೆಂಟಿನ ತಂತಿ ತೂರಿಸಿದ್ದು ಇಲ್ಲಿ ಎಂದು ನನ್ನ ಮಣಿಕಟ್ಟಿನ ಮೇಲೆ ಬೆರಳಿನಿಂದ ಒಂದು ಚುಕ್ಕೆ ಇಟ್ಟೆ. ಇಬ್ಬರಿಗೂ ನಗು ಬಂತು, ನಿಲ್ಲಿಸಲು ಆಗಲಿಲ್ಲ. ಯಾರೋ ಬಂದು ನಮಗೆ ನೀರು ಕೊಟ್ಟರು.

ನೇತ್ರಾಳ ಮನೆ

ಭುಜಕ್ಕೆ ಬಿಸಿನೀರಿನ ಶಾಖ ಕೊಟ್ಟ ಮೇಲೆ ಕೈ ಇಳಿಯಿತು. ಅಷ್ಟರಲ್ಲಿ ಕಾಕಾನ ಕತೆಯೂ ಬದಲಾಗತೊಡಗಿತ್ತು. ಅಂಗಳದಲ್ಲಿ ಭುಜ ಹಿಡಿದಿತ್ತು ಎಂದವನು, ದಾರಿಯಲ್ಲಿ ನೇತ್ರಾಳ ಮೂಲಕ ಮಹಮೂದನಿಗೆ, ಹಿರಿಯ ಮನುಷ್ಯ, ಹೇಗೆ ಹೊಡೆಯಲಿ, ಬೇಕಂತಲೇ ನಿಲ್ಲಿಸಿದೆ ಎಂದ. ಮನೆಗೆ ಬಂದು ಚಹಾ ಕುಡಿಯುತ್ತ, ಮೊದಲು ನಿಲ್ಲಿಸಿದೆ, ಆಮೇಲೆ ಭುಜ ಹಿಡಿಯಿತು ಎಂದು ಎರಡನ್ನೂ ಕೂಡಿಸಿದ.

“ನಿನ್ನ ಬಡಿಗಿಗೂ ಅವರ ತಲಿಗೂ ಒಂದ ಬೆಟ್ಟಿನಷ್ಟ ಅಂತರಾ ಇತ್ತಪ್ಪಾ, ಮಾಳಿಗಿಂದ ನಾ ನೋಡೇನಿ,” ಎಂದಳು ನೇತ್ರಾ. ಒಂದು ಗೇಣು ಎಂದೆ ನಾನು. “ಮುಟ್ಟಿತ್ತು, ಅವರ ಕೂದಲಕ್ಕ,” ಎಂದ ಕಾಕಾ. ಮೂವರೂ ನೋಡಿದವರು, ಸಂಜೆ ಇನ್ನೂ ಮುಗಿದಿರಲಿಲ್ಲ. ನಾನು ವಾದಕ್ಕೆ ಹೋಗಲಿಲ್ಲ. ಛತ್ರಿಯನ್ನು ಬಡಿಗೆ ಮಾಡಿ ಇಷ್ಟು ವರ್ಷ ತಿರುಗಿಸಿದವನಿಗೆ ಗೇಣು, ಬೆರಳುಗಳ ಲೆಕ್ಕ ಹೇಳುವ ಅಧಿಕಾರ ಎಲ್ಲಿಯದು?

ನೇತ್ರಾ ಲೋಟ ಕೆಳಗಿಟ್ಟು ಎದ್ದು ಬಂದು ಅಪ್ಪನ ಹಿಂದೆ ನಿಂತಳು. ಅವನ ಕೂದಲೊಳಗೆ ಬೆರಳಾಡಿಸಿದಳು. ನೆತ್ತಿ, ಹಿಂತಲೆ, ಕಿವಿಯ ಹಿಂದೆ. ಒತ್ತಿ ಒತ್ತಿ ನೋಡಿದಳು.

“ಏನ ಹುಡಕಾಕತ್ತೀ, ಹೇನ?”

“ಸುಮ್ನ ಕುಂದ್ರು.”

“ಆ ಮುದಕನ ಬಡಿಗಿ ನನಗ ಮುಟ್ಟಿಲ್ಲ ಅಂತ ಎಷ್ಟ ಸಲ ಹೇಳಲಿ?”

“ಏನೂ ಇಲ್ಲಣ್ಣಾ,” ಎಂದಳು ನೇತ್ರಾ ನನ್ನ ಕಡೆ ತಿರುಗಿ. ಕಣ್ಣು ಒರೆಸಿಕೊಂಡಳು.

ಅವಳು ಪ್ರಯೋಗಾಲಯದವಳು, ಕೈ ನಂಬುವಂಥದ್ದು. ನಾನೂ ಎರಡು ಸಲ ಕಣ್ಣಾರೆ ನೋಡಿದ್ದೆ. ಆದರೂ ಎದ್ದು ಹೋಗಿ ಅವಳು ಬಿಟ್ಟ ಜಾಗದಿಂದ ಮತ್ತೊಮ್ಮೆ ನನ್ನ ಬೆರಳಿನಿಂದಲೇ ನೋಡಿದೆ. ಕಾಕಾ ಬಯ್ಯಲು ಬಾಯಿ ತೆರೆದವನು ಯಾಕೋ ತಲೆ ತಗ್ಗಿಸಿ ಕೊಟ್ಟ. ದಿನವಿಡೀ ಬಿಸಿಲಿಗೆ ಕಾದ ನೆತ್ತಿ ಇನ್ನೂ ಬೆಚ್ಚಗಿತ್ತು. ಹಣೆಯ ಅಂಚಿನ ಕೂದಲಲ್ಲಿ ಸ್ವಲ್ಪ ಮಣ್ಣಿತ್ತು. ಬೇರೆ ಏನೂ ಇರಲಿಲ್ಲ.